ತುಂಬಿದ ಸಿಲಿಂಡರ್‌ಗೆ ಕೋಣೆ, ಗಾಳಿ ನೋಡಲು ಮೇಜು: ಮುರುಡೇಶ್ವರದಲ್ಲಿ ಒಂದು ಮಳೆಗಾಲದ ಕೆಲಸ

ಮುರುಡೇಶ್ವರದಲ್ಲಿ ಡೈವಿಂಗ್ ಅಂದರೆ ನೇತ್ರಾಣಿ. ದಡದಿಂದ ಸುಮಾರು 19 ಕಿ.ಮೀ. ದೂರದ ನಡುಗಡ್ಡೆ. ಅಕ್ಟೋಬರ್ ಹೊತ್ತಿಗೆ ಶುರುವಾದ ಸೀಸನ್ ಮೇ ತನಕ ನಡೆಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಬೋಟ್ ದಡಕ್ಕೆ ಎಳೆದು ಟಾರ್ಪಾಲ್ ಹೊದಿಸುವುದೇ. ನಾನು ಇಲ್ಲಿನ ಒಂದು ಡೈವ್ ಶಾಪ್‌ನಲ್ಲಿ ಗಾಳಿ ಹಿಂಡಿ ತುಂಬುವ ಕಂಪ್ರೆಸರ್, ನೀರೊಳಗೆ ಉಸಿರಾಡುವ ಗಾಳಿಯ ಸಿಲಿಂಡರ್, ರೆಗ್ಯುಲೇಟರ್ ನೋಡಿಕೊಳ್ಳುವವನು. ಮಳೆಗಾಲ ನನಗೆ ರಜೆಯಲ್ಲ, ರಿಪೇರಿ ಕಾಲ.

ಈ ಸಲ ಎರಡು ಕೆಲಸ ಹಿಡಿದೆ. ಒಂದು, ತುಂಬಿದ ಸಿಲಿಂಡರ್ ಇಡಲು ಸರಿಯಾದ ಕೋಣೆ. ಎರಡು, ಬೋಟ್ ಹತ್ತುವ ಮೊದಲು ಪ್ರತಿ ಸಿಲಿಂಡರ್‌ನ ಗಾಳಿ ನೋಡಲು ಒಂದು ಮೇಜು. ಮೊದಲನೆಯದು ಹಣ ತಿಂತು, ಎರಡನೆಯದು ಹಣದ ಜೊತೆ ತಲೆಯನ್ನೂ ತಿಂತು. ಇದೇ ಕೆಲಸ ಮಾಡುವವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಬರೆದಿಟ್ಟಿದ್ದೇನೆ.

ನಮ್ಮಲ್ಲಿರುವುದು 30 ಅಲ್ಯೂಮಿನಿಯಂ ಸಿಲಿಂಡರ್, ಎಲ್ಲವೂ ಎಸ್-80 ಅನ್ನುವಂಥವು. ಒಳಗಿನ ಜಾಗ 11.1 ಲೀಟರ್, ಒತ್ತಡ 207 ಬಾರ್ ತನಕ, ಅಡ್ಡಳತೆ 184 ಮಿ.ಮೀ., ಎತ್ತರ ವಾಲ್ವ್ ಬಿಟ್ಟು 66 ಸೆಂ.ಮೀ. ಆಸುಪಾಸು. ಖಾಲಿ ಇದ್ದಾಗ 14 ಕೆ.ಜಿ. ಚಿಲ್ಲರೆ. ಪೂರ್ತಿ ತುಂಬಿದರೆ ಗಾಳಿಯದ್ದೇ ಎರಡೂವರೆ ಕೆ.ಜಿ. ಇವುಗಳ ಜೊತೆ 12 ಲೀಟರಿನ ಎರಡು ಹಳೇ ಸ್ಟೀಲ್ ಸಿಲಿಂಡರ್. ಈ ಎರಡರ ಕತೆ ಮುಂದೆ ಬರುತ್ತದೆ.

ಜೂನ್ ಮೊದಲ ವಾರ: ಹಳೇ ಜಾಗ ಖಾಲಿ ಮಾಡಿದ್ದು

ಇಷ್ಟು ದಿನ ಸಿಲಿಂಡರ್ ಇರುತ್ತಿದ್ದದ್ದು ಕಂಪ್ರೆಸರ್ ಪಕ್ಕದ ತಗಡಿನ ಶೆಡ್‌ನಲ್ಲಿ. ಮೇ ತಿಂಗಳಲ್ಲಿ ಅಲ್ಲಿ ಒಂದು ಥರ್ಮಾಮೀಟರ್ ನೇತು ಹಾಕಿದ್ದೆ. ಮಧ್ಯಾಹ್ನ 43 ಡಿಗ್ರಿ ತೋರಿಸಿತು. 28 ಡಿಗ್ರಿಯಲ್ಲಿ 200 ಬಾರ್ ಇರುವ ಸಿಲಿಂಡರ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.66 ಬಾರ್ ಏರುತ್ತದೆ. ಅಂದರೆ ಆ ಶೆಡ್‌ನಲ್ಲಿ ಸುಮ್ನೆ ನಿಂತಲ್ಲೇ 210 ಬಾರ್. ಸಿಲಿಂಡರ್ ಒಡೆಯುವ ಮಾತಲ್ಲ ಇದು. ಆದರೆ ಗುರುತಿನ ಒತ್ತಡ ದಾಟಿ ದಿನಗಟ್ಟಲೆ ಇಡುವುದು ಒಳ್ಳೆ ಅಭ್ಯಾಸವೂ ಅಲ್ಲ. ಮುಚ್ಚಿದ ಕಾರಿನ ಡಿಕ್ಕಿಯಲ್ಲಿ 65 ಡಿಗ್ರಿ ಆದರೆ ಅದೇ ಸಿಲಿಂಡರ್ 225 ಬಾರ್ ಸಮೀಪ ಹೋಗುತ್ತದೆ.

ಇನ್ನೊಂದು ತೊಂದರೆ, ಅರ್ಧಕ್ಕರ್ಧ ಸಿಲಿಂಡರ್ ಮಲಗಿಸಿ ಇಟ್ಟಿದ್ದರು. ಒಳಗೆ ಒಂದು ಚಮಚ ನೀರು ಇದ್ದರೂ ಮಲಗಿಸಿದಾಗ ಅದು ಬದಿಗೆ ಹೋಗಿ ನಿಲ್ಲುತ್ತದೆ. ಬದಿಯ ಗೋಡೆ ತೆಳ್ಳಗೆ, ತಳ ದಪ್ಪ. ತುಕ್ಕೋ ಸವೆತವೋ ಆಗುವುದಾದರೆ ದಪ್ಪ ಇರುವ ತಳದಲ್ಲಿ ಆಗಲಿ. ಅದಕ್ಕೇ ನಿಲ್ಲಿಸಿ ಇಡುವುದು.

ಶಾಪ್ ಹಿಂದೆ 10×8 ಅಡಿಯ ಚಿರೆಕಲ್ಲಿನ ಕೋಣೆ ಇತ್ತು. ಹಂಚಿನ ಮಾಡು, ಒಳಗೆ ಹಳೇ ಬಲೆ, ಥರ್ಮೊಕೋಲ್, ಹರಿದ ಲೈಫ್ ಜಾಕೆಟ್. ಎಲ್ಲ ಹೊರಗೆ ಹಾಕಿ, ಸೋರುವ ಹಂಚು ಬದಲಿಸಿ, ಒಳಗೆ ಸುಣ್ಣ ಬಳಿದೆವು. ಪಡುವಣ ಕಿಟಕಿಯನ್ನು ಪೂರ್ತಿ ಮುಚ್ಚಿಸಿದೆ. ಮಳೆಗಾಲದಲ್ಲಿ ಸಮುದ್ರದ ಎರಚಲು ನೇರ ಅದರಲ್ಲೇ ಬರುತ್ತಿತ್ತು, ಉಪ್ಪಿನ ಸಮೇತ. ಗಾಳಿಯಾಡಲು ಉತ್ತರ ಮತ್ತು ಪೂರ್ವದ ಗೋಡೆಯಲ್ಲಿ ಮೇಲೆ ಒಂದೊಂದು, ಕೆಳಗೆ ಒಂದೊಂದು ಸಿಮೆಂಟ್ ಜಾಲಿ. ಒಟ್ಟು ಖರ್ಚು 14,500 ರೂಪಾಯಿ. ಪೆಟ್ರೋಲ್ ಕ್ಯಾನ್, ಔಟ್‌ಬೋರ್ಡ್ ಎಂಜಿನ್, ಪೇಂಟ್ ಡಬ್ಬ ಈ ಕೋಣೆಗೆ ಬರಕೂಡದು ಅಂತ ಬಾಗಿಲ ಮೇಲೆ ಬರೆಸಿದೆ. ಬರೆಸಿದ ಮರುದಿನವೇ ಯಾರೋ ಸೀಮೆಎಣ್ಣೆ ಕ್ಯಾನ್ ತಂದಿಟ್ಟಿದ್ದರು, ಆ ಮಾತು ಬೇರೆ.

ಜೂನ್ ಕೊನೆ: ಸ್ಟ್ಯಾಂಡ್, ಮೊದಲನೆಯದು ಕೆಟ್ಟದ್ದು

ಕಬ್ಬಿಣದ ಆ್ಯಂಗಲ್ ಬೇಡ ಅಂತ ಮೊದಲೇ ತೀರ್ಮಾನ. ಸಮುದ್ರದ ಪಕ್ಕ ಒಂದು ವರ್ಷಕ್ಕೆ ಪೇಂಟ್ ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಉಪ್ಪುನೀರು ತಾಗಿದ ಜಾಗದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಹಾಗಾಗಿ ಮರ. ಹಲಸಿನ ಹಲಗೆ ಸಿಕ್ಕಿತು, ಒಂದಿಂಚು ದಪ್ಪ.

ನಾನು ಕೊಟ್ಟ ನಕ್ಷೆ ಹೀಗಿತ್ತು: ನೆಲದಿಂದ 42 ಸೆಂ.ಮೀ. ಎತ್ತರದಲ್ಲಿ ಹಲಗೆ, ಅದರಲ್ಲಿ 190 ಮಿ.ಮೀ.ನ ದುಂಡನೆಯ ತೂತು, ಒಂದು ಸ್ಟ್ಯಾಂಡಿಗೆ ಎಂಟು ಸಿಲಿಂಡರ್. ಆಚಾರಿ ನಕ್ಷೆ ನೋಡಿ, "ಇಳಿಸೋದು ಸರಿ, ತೆಗೆಯೋದು ಹ್ಯಾಂಗೆ ಮಾರಾಯ್ರೆ?" ಅಂತ ಕೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಮಾಡಿ ಮುಗಿದ ಮೇಲೆ ಗೊತ್ತಾಯಿತು. 17 ಕೆ.ಜಿ.ಯ ಸಿಲಿಂಡರ್ ಹೊರಗೆ ತೆಗೆಯಲು ಅದನ್ನು ಸೊಂಟದ ತನಕ ನೇರ ಮೇಲೆತ್ತಬೇಕು. ಬೆಳಿಗ್ಗೆ ಆರಕ್ಕೆ ಇಪ್ಪತ್ತು ಸಿಲಿಂಡರ್ ಎತ್ತುವವನ ಬೆನ್ನು ಏನಾಗಬೇಡ?

ಇದರ ಮೇಲೆ ಇನ್ನೊಂದು. 184ಕ್ಕೆ 190 ಸಾಕು ಅಂದುಕೊಂಡಿದ್ದೆ. ಸಿಲಿಂಡರ್ ಮೇಲೆ ಗೀರು ಬೀಳದಂತೆ ಹಾಕುವ ನೈಲಾನ್ ಬಲೆಯ ದಪ್ಪ ಲೆಕ್ಕಕ್ಕೆ ತಗೊಂಡಿರಲಿಲ್ಲ. ಜುಲೈ ಮಳೆಗೆ ಮರವೂ ಉಬ್ಬಿತು. ಮೂರು ಸಿಲಿಂಡರ್ ಬೂಚಿನ ಹಾಗೆ ಸಿಕ್ಕಿಹಾಕಿಕೊಂಡವು. ಹಲಗೆ ಕೊಯ್ದೇ ಬಿಡಿಸಬೇಕಾಯಿತು.

ಎರಡನೇ ಸಲ ಆಚಾರಿ ಹೇಳಿದ ಹಾಗೆ ಮಾಡಿದ್ದು. ಹಲಗೆಯ ಎರಡೂ ಬದಿ ಎದುರಿಗೆ ತೆರೆದ ಕಚ್ಚು, ಬಾಯಿ 205 ಮಿ.ಮೀ., ಒಂದೊಂದು ಬದಿಗೆ ನಾಲ್ಕು. ಸಿಲಿಂಡರ್ ಸ್ವಲ್ಪ ವಾಲಿಸಿ ತಳದ ಅಂಚಿನ ಮೇಲೆ ಉರುಳಿಸಿಕೊಂಡು ಬಂದು ಒಳಗೆ ನೂಕಿದರೆ ಮುಗೀತು, ಎತ್ತುವ ಕೆಲಸವೇ ಇಲ್ಲ. ಎದುರಿಗೆ ಅಡ್ಡ ಕಟ್ಟಲು ಒಂದಿಂಚಿನ ನೈಲಾನ್ ಬೆಲ್ಟ್, ಪ್ಲಾಸ್ಟಿಕ್ ಬಕಲ್. ಸರಪಳಿ ಬೇಡ, ಅದು ತುಕ್ಕು ಹಿಡಿದು ಸಿಲಿಂಡರ್ ಗೀರುತ್ತದೆ. ನಾಲ್ಕು ಸ್ಟ್ಯಾಂಡಿಗೆ ಮರ, ಕೂಲಿ ಎಲ್ಲ ಸೇರಿ 11,800. ಅದರಲ್ಲಿ ಮೊದಲ ಸಲ ಹಾಳಾದ ಹಲಗೆಯದ್ದೇ ಮೂರು ಸಾವಿರದ ಮೇಲೆ. ತುಂಬಿದ ಸ್ಟ್ಯಾಂಡಿನ ತೂಕ ಒಂದೂಮುಕ್ಕಾಲು ಕ್ವಿಂಟಲ್ ಮುಟ್ಟುತ್ತದೆ, ಕಾಲು ಮೂರಿಂಚಿಗಿಂತ ತೆಳ್ಳಗೆ ಮಾಡಿಸಬೇಡಿ.

ನೆಲಕ್ಕೆ ಮೊದಲು ರಬ್ಬರ್ ಮ್ಯಾಟ್ ಹಾಸಿದ್ದೆ, 2,600 ರೂಪಾಯಿ. ಅದೂ ದಂಡ. ಮ್ಯಾಟಿನ ಮೇಲೆ ನೀರು ನಿಂತು ಆರಲೇ ಇಲ್ಲ. ಎರಡು ವಾರ ಬಿಟ್ಟು ಎತ್ತಿ ನೋಡಿದರೆ ತಳದ ಸುತ್ತ ಬೆಳ್ಳಗೆ ಪುಡಿ, ಉಗುರಲ್ಲಿ ಕೆರೆದರೆ ಬರುವಂಥದ್ದು. ಅಲ್ಯೂಮಿನಿಯಂಗೆ ಹಿಡಿಯುವ ತುಕ್ಕು ಅದೇ. ಈಗ ಹಾಕಿರುವುದು ಆಡಿನ ಶೆಡ್‌ನಲ್ಲಿ ಹಾಸುವ ಪ್ಲಾಸ್ಟಿಕ್ ಜಾಲಿ, 2×2 ಅಡಿಯದ್ದು, ತುಂಡಿಗೆ 320ರಂತೆ ಎಂಟು. ಕೆಳಗೆ ಎರಡಿಂಚು ಖಾಲಿ, ನೀರು ಹರಿದು ಹೋಗುತ್ತದೆ, ಗಾಳಿ ಆಡುತ್ತದೆ. ಡೈವಿಂಗ್ ಸಾಮಾನಿನ ಅಂಗಡಿಯಲ್ಲಿ ಇದು ಸಿಗುವುದಿಲ್ಲ, ಪಶು ಆಹಾರದ ಅಂಗಡಿಯಲ್ಲಿ ಕೇಳಿ.

ಜುಲೈ: ಎಷ್ಟು ಗಾಳಿ ಬಿಟ್ಟು ಇಡುವುದು

ಇದರ ಬಗ್ಗೆ ನಮ್ಮಲ್ಲೇ ಜಗಳ ಇತ್ತು. ಪೂರ್ತಿ ಖಾಲಿ ಮಾಡಿಡೋಣ ಅಂತ ಒಬ್ಬರು, ತುಂಬಿಯೇ ಇಡೋಣ ಅಂತ ಇನ್ನೊಬ್ಬರು. ನಾನು ಮಾಡಿದ್ದು ಹೀಗೆ.

26 ಅಲ್ಯೂಮಿನಿಯಂ ಸಿಲಿಂಡರ್‌ಗೆ 15ರಿಂದ 20 ಬಾರ್ ಬಿಟ್ಟು ವಾಲ್ವ್ ಮುಚ್ಚಿದೆ. ಪೂರ್ತಿ ಖಾಲಿ ಮಾಡಿ ವಾಲ್ವ್ ತೆರೆದಿಟ್ಟರೆ ಹೊರಗಿನ ತೇವ ಒಳಗೆ ಹೋಗುತ್ತದೆ. ಸ್ವಲ್ಪ ಒತ್ತಡ ಇದ್ದರೆ ಹೋಗುವುದಿಲ್ಲ. ಅರ್ಧ ತುಂಬಿ ತಿಂಗಳುಗಟ್ಟಲೆ ಇಡುವುದಂತೂ ಬೇಡವೇ ಬೇಡ. ಬೆಂಕಿ ಬಿದ್ದರೆ ಪೂರ್ತಿ ತುಂಬಿದ ಸಿಲಿಂಡರ್‌ನಲ್ಲಿ ಒತ್ತಡ ಬೇಗ ಏರಿ ವಾಲ್ವ್‌ನ ಬರ್ಸ್ಟ್ ಡಿಸ್ಕ್ ಒಡೆದು ಗಾಳಿ ಹೊರಗೆ ಹೋಗುತ್ತದೆ. ಅರ್ಧ ತುಂಬಿದ್ದರಲ್ಲಿ ಡಿಸ್ಕ್ ಒಡೆಯುವಷ್ಟು ಒತ್ತಡ ಬರುವ ಮೊದಲೇ ಅಲ್ಯೂಮಿನಿಯಂ ಮೆತ್ತಗಾಗಿ ಸಿಲಿಂಡರೇ ಒಡೆಯಬಹುದು.

ನಾಲ್ಕನ್ನು ಮಾತ್ರ ಪೂರ್ತಿ ತುಂಬಿ ಇಟ್ಟೆವು. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಆಗಸ್ಟ್‌ನಲ್ಲಿ ಯಾವುದಾದರೂ ಬೋಟಿನ ಫ್ಯಾನ್‌ಗೆ (ನೀರೊಳಗಿನ ಪ್ರೊಪೆಲರ್) ಬಲೆ ಸುತ್ತಿಕೊಂಡು ಕರೆ ಬಂದೇ ಬರುತ್ತದೆ. ಬಲೆ ಕೊಯ್ಯಲು ಇಳಿಯುವವನಿಗೆ ಸಿಲಿಂಡರ್ ತಯಾರಿರಬೇಕು. ತುಂಬಿದ ಸಿಲಿಂಡರ್‌ಗೆ ಹಳದಿ ಕ್ಯಾಪ್, ಖಾಲಿಗೆ ಕ್ಯಾಪ್ ಇಲ್ಲ. ಭುಜದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ತುಂಬಿದ ದಿನ, ಒತ್ತಡ, ತುಂಬಿದವನ ಹೆಸರಿನ ಮೊದಲ ಅಕ್ಷರ ಬರೆಯುತ್ತೇವೆ. ಬಾಲ್‌ಪೆನ್ನಲ್ಲಿ ಬರೆದದ್ದು ಈ ತೇವಕ್ಕೆ ಅಳಿಸಿಹೋಗುತ್ತದೆ, ಮಾರ್ಕರ್ ಬೇಕು.

ಇದೇ ಹೊತ್ತಿಗೆ ವರ್ಷದ ಒಳ-ಪರೀಕ್ಷೆಯೂ ಮುಗೀತು. ಗಾಳಿ ಪೂರ್ತಿ ಬಿಟ್ಟು, ವಾಲ್ವ್ ಬಿಚ್ಚಿ, ಬಲ್ಬ್ ಇಳಿಸಿ ನೋಡುವುದು. ಇದನ್ನು ತರಬೇತಿ ಆದವರೇ ಮಾಡಬೇಕು, ನಾವೂ ಹೊರಗಿನವರನ್ನು ಕರೆಸಿದೆವು. ಭುಜದ ಮೇಲೆ ಕೊರೆದ ತಿಂಗಳು-ವರ್ಷ ನೋಡಿ ಐದು ವರ್ಷ ತುಂಬಿದ ಆರನ್ನು ನೀರಿನ ಒತ್ತಡದ ಪರೀಕ್ಷೆಗೆ ಬೇರೆ ಇಟ್ಟೆ. ಅವು ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಮಾನ್ಯತೆ ಇರುವ ಕೇಂದ್ರಕ್ಕೇ ಹೋಗಬೇಕು. ಎರಡು ಸ್ಟೀಲ್ ಸಿಲಿಂಡರ್ ಅವತ್ತು ಬೋಟಿನ ಗೋಡೌನ್‌ನಲ್ಲಿ ಮೂಲೆ ಸೇರಿದ್ದವು. ಯಾರಿಗೂ ನೆನಪಾಗಲಿಲ್ಲ.

ಆಗಸ್ಟ್: ಮೇಜು, ಮತ್ತು ಗಾಳಿಗಿಂತ ಜಾಸ್ತಿ ಆಕ್ಸಿಜನ್

ಮೇಜಿನ ಮೇಲೆ ಇರುವುದು ಇಷ್ಟೇ: ಒತ್ತಡ ನೋಡುವ ಗೇಜ್, ಆಕ್ಸಿಜನ್ ಮೀಟರ್, ಗಾಳಿಯ ಹರಿವನ್ನು ನಿಮಿಷಕ್ಕೆ 2 ಲೀಟರಿಗೆ ಇಳಿಸುವ ಸಣ್ಣ ಅಡಾಪ್ಟರ್, ಬಿಳಿ ಬಟ್ಟೆ, ಸೋಪಿನ ನೀರು, ಒಂದು ನೋಟ್‌ಬುಕ್. ನಾವು ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿಗೆ ಸೇರಿಸಿದ ಗಾಳಿ) ಮಾಡುವುದಿಲ್ಲ, ಬರೀ ಗಾಳಿ. ಬರೀ ಗಾಳಿಗೆ ಆಕ್ಸಿಜನ್ ಮೀಟರ್ ಯಾಕೆ ಅಂತ ಮಾಲೀಕರು ಕೇಳಿದ್ದರು. ನನ್ನ ಹತ್ತಿರವೂ ಆಗ ಒಳ್ಳೆ ಉತ್ತರ ಇರಲಿಲ್ಲ.

ಮೇಜು ಹಾಕಿದ್ದು ಜಗಲಿಯಲ್ಲಿ. ಹೊರಗೆ ಜಡಿಮಳೆ. ಮೀಟರ್‌ನ ಪುಸ್ತಕದಲ್ಲಿ ಹೇಳಿದ ಹಾಗೆ ಹೊರಗಿನ ಗಾಳಿಯಲ್ಲಿ ಎರಡು ನಿಮಿಷ ಬಿಟ್ಟು 20.9ಕ್ಕೆ ಹೊಂದಿಸಿದೆ. ಗಾಳಿಯಲ್ಲಿ ಆಕ್ಸಿಜನ್ ಇರುವುದು ನೂರಕ್ಕೆ ಅಷ್ಟು ಭಾಗ. ತುಂಬಿಟ್ಟ ಸಿಲಿಂಡರ್ ಒಂದಕ್ಕೆ ಹಚ್ಚಿದೆ. 21.7. ಇನ್ನೊಂದು, 21.7. ಮೂರನೆಯದು 21.6. ಇದೇ ಊರಿನ ಗಾಳಿಯನ್ನು ಹಿಂಡಿ ತುಂಬಿದ ಸಿಲಿಂಡರ್‌ನಲ್ಲಿ ಊರಿನ ಗಾಳಿಗಿಂತ ಜಾಸ್ತಿ ಆಕ್ಸಿಜನ್ ಎಲ್ಲಿಂದ ಬಂತು?

ಮೊದಲು ಹರಿವಿನ ಮೇಲೆ ಅನುಮಾನ. ಗಾಳಿ ಜೋರಾಗಿ ಬಂದರೆ ಸೆನ್ಸರ್ ಮೇಲೆ ಒತ್ತಡ ಬಿದ್ದು ಜಾಸ್ತಿ ತೋರಿಸುತ್ತದೆ. ವಾಲ್ವ್ ಕೂದಲೆಳೆಯಷ್ಟು ಮಾತ್ರ ತೆರೆದು ನೋಡಿದೆ. ಅದೇ 21.7. ಆಮೇಲೆ ಸೆನ್ಸರ್ ಮೇಲೆ. ಈ ಸೆನ್ಸರ್ ಒಂದು ಬಗೆಯ ಬ್ಯಾಟರಿ, ಬಳಸಿದರೂ ಬಳಸದಿದ್ದರೂ ಎರಡು-ಮೂರು ವರ್ಷಕ್ಕೆ ಸಾಯುತ್ತದೆ. ನಮ್ಮದಕ್ಕೆ ವಯಸ್ಸಾಗಿದೆ ಅಂದುಕೊಂಡು 9,200 ಕೊಟ್ಟು ಹೊಸದು ತರಿಸಿದೆ. ಹಾಕಿ ನೋಡಿದರೆ 21.7. ಆ ಹಣ ದುಡುಕಿನಿಂದ ಹೋಯಿತು. ಬೋಟಿನಲ್ಲಿ ತುರ್ತಿಗೆ ಇಡುವ ಮೆಡಿಕಲ್ ಆಕ್ಸಿಜನ್ ನಮ್ಮಲ್ಲೇ ಇತ್ತು. ಹಳೇ ಸೆನ್ಸರ್‌ಗೆ ಅದನ್ನು ಹಚ್ಚಿ 100ರ ಹತ್ತಿರ ಬರುತ್ತದಾ ನೋಡಿದ್ದರೆ ಸೆನ್ಸರ್ ಚೆನ್ನಾಗಿದೆ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಗುಟ್ಟು ಬಯಲಾದದ್ದು ಕರೆಂಟ್ ಬಂದ ಒಂದು ಮಧ್ಯಾಹ್ನ. ಮಳೆ ಎರಚುತ್ತಿದೆ ಅಂತ ಮೀಟರ್ ಸಮೇತ ಎಸಿ ಇರುವ ಆಫೀಸಿನೊಳಗೆ ಹೋಗಿ, ಅಲ್ಲಿ 20.9ಕ್ಕೆ ಹೊಂದಿಸಿ, ಅದೇ ಸಿಲಿಂಡರ್ ನೋಡಿದೆ. 21.3. ಸಿಲಿಂಡರ್ ಅದೇ, ಸೆನ್ಸರ್ ಅದೇ, ಬದಲಾದದ್ದು ನಾನು ಹೊಂದಿಸಿದ ಗಾಳಿ ಮಾತ್ರ.

ವಿಷಯ ಇಷ್ಟು. 20.9 ಅನ್ನುವುದು ಒಣ ಗಾಳಿಯ ಲೆಕ್ಕ. ನಮ್ಮ ಜಗಲಿಯಲ್ಲಿ 30 ಡಿಗ್ರಿ, ತೇವ ನೂರಕ್ಕೆ 85. ಆ ಗಾಳಿಯಲ್ಲಿ ನೂರಕ್ಕೆ ಮೂರೂವರೆ ಭಾಗ ನೀರಿನ ಆವಿಯೇ ಇರುತ್ತದೆ. ಆವಿ ಅಷ್ಟು ಜಾಗ ತಿಂದರೆ ಆಕ್ಸಿಜನ್‌ಗೆ ಉಳಿಯುವುದು ಸುಮಾರು 20.2. ನಾನು ಆ 20.2ನ್ನು 20.9 ಅಂತ ಮೀಟರ್‌ಗೆ ಹೇಳಿಕೊಟ್ಟಿದ್ದೆ. ಕಂಪ್ರೆಸರ್‌ನ ಫಿಲ್ಟರ್ ನೀರೆಲ್ಲ ಹೀರಿ ತುಂಬಿದ ಗಾಳಿ ಪಕ್ಕಾ ಒಣ. ಅದನ್ನು ತೋರಿಸಿದಾಗ ಮೀಟರ್ 21.7 ಅಂದಿತು. ಮೀಟರ್ ಹೇಳಿದ್ದು ಸರಿ, ನಾನು ಹೇಳಿಕೊಟ್ಟದ್ದು ತಪ್ಪು.

ಈಗ ಹೊರಗಿನ ಗಾಳಿಯಲ್ಲಿ ಹೊಂದಿಸುವುದನ್ನೇ ಬಿಟ್ಟಿದ್ದೇನೆ. ಒಂದು ಅಲ್ಯೂಮಿನಿಯಂ ಸಿಲಿಂಡರ್ ಅಳತೆಗೆ ಅಂತಲೇ ಬೇರೆ, ಕುತ್ತಿಗೆಗೆ ನೀಲಿ ಟೇಪ್. ಫಿಲ್ಟರ್ ಹೊಸದಾಗಿ ಹಾಕಿದ ದಿನ ತುಂಬಿದ ಗಾಳಿ ಅದರಲ್ಲಿದೆ. ಅದೇ ಅಡಾಪ್ಟರ್, ಅದೇ ಹರಿವು, ಅದರಿಂದ 20.9ಕ್ಕೆ ಹೊಂದಿಸಿ ಮಿಕ್ಕವನ್ನು ನೋಡುವುದು. ನೈಟ್ರಾಕ್ಸ್ ಬಳಸುವವರಿಗೆ ಇದು ಇನ್ನೂ ಮುಖ್ಯ. ನಮ್ಮ ಜಗಲಿಯಲ್ಲಿ ಹೊಂದಿಸಿದ ಮೀಟರ್ 32 ಅಂದರೆ ಒಳಗೆ ಇರುವುದು 31ಕ್ಕೂ ಚೂರು ಕಡಿಮೆ. ಆಳದ ಮಿತಿಗೆ ಅದು ತೊಂದರೆ ಇಲ್ಲ, ಆದರೆ 32 ಅಂತ ನಂಬಿ ಕೆಳಗಿರುವ ಹೊತ್ತು ಲೆಕ್ಕ ಹಾಕಿದರೆ ನೈಟ್ರೋಜನ್ ಲೆಕ್ಕ ತಪ್ಪುತ್ತದೆ.

ಆಗಸ್ಟ್ ಕೊನೆ: ಸ್ಟೀಲ್ ಸಿಲಿಂಡರ್

ಮೇಲಿನದ್ದು ಬರೀ ಮೀಟರಿನ ಹಠ ಅಂದುಕೊಂಡು ಮರೆಯುತ್ತಿದ್ದೆನೇನೋ. ಆದರೆ ನೋಟ್‌ಬುಕ್‌ನಲ್ಲಿ ಇನ್ನೊಂದು ಸಾಲಿತ್ತು.

ಜಗಲಿಯಲ್ಲಿ ತಪ್ಪಾಗಿ ಹೊಂದಿಸಿಕೊಂಡಿದ್ದ ದಿನಗಳಲ್ಲೇ ಗೋಡೌನ್‌ನಿಂದ ಆ ಎರಡು ಸ್ಟೀಲ್ ಸಿಲಿಂಡರ್ ಸಿಕ್ಕಿದ್ದವು. ಒಂದು ಖಾಲಿ. ಇನ್ನೊಂದರಲ್ಲಿ 60 ಬಾರ್. ಟೇಪ್ ಮೇಲಿನ ಬರಹ ಅಳಿಸಿಹೋಗಿತ್ತು, ಎರಡು ವರ್ಷಕ್ಕಿಂತ ಹಳೇದು ಅಂತ ಮಾತ್ರ ಎಲ್ಲರಿಗೂ ಗೊತ್ತು. ಮೀಟರ್ ಹಚ್ಚಿದಾಗ 20.4 ಬಂತು. ಬೇರೆಯವೆಲ್ಲ 21.7 ತೋರಿಸಿ ತಲೆ ಕೆಡಿಸುತ್ತಿರುವಾಗ ಇದೊಂದು ಸರಿಯಾಗಿದೆ ಅನ್ನಿಸಿತ್ತು! ಪಕ್ಕದಲ್ಲಿ "ಓಕೆ" ಅಂತ ಬರೆದೂ ಇಟ್ಟಿದ್ದೆ.

ಅಳತೆಯ ಸಿಲಿಂಡರ್‌ನಿಂದ ಹೊಂದಿಸಿ ಮತ್ತೆ ನೋಡಿದೆ. 19.7. ಸಿಲಿಂಡರ್ ಮಲಗಿಸಿ ನಿಧಾನ ಉರುಳಿಸಿದರೆ ಒಳಗೆ ಮರಳು ಜಾರಿದ ಹಾಗೆ ಸರ್ರ್ ಸದ್ದು. ತಲೆಕೆಳಗೆ ಮಾಡಿ ವಾಲ್ವ್ ಚೂರು ತೆರೆದೆ. ಬಿಳಿ ಬಟ್ಟೆಯ ಮೇಲೆ ಕಂದು ನೀರಿನ ಹನಿಗಳು ಎರಚಿದವು, ಹಿಂದೆಯೇ ಹಳೇ ಮೊಳೆಯ ವಾಸನೆ.

ಒಳಗೆ ನೀರಿತ್ತು, ಕಬ್ಬಿಣ ತುಕ್ಕು ಹಿಡಿಯುತ್ತಿತ್ತು. ತುಕ್ಕು ಹಿಡಿಯಲು ಆಕ್ಸಿಜನ್ ಬೇಕಲ್ವಾ, ಅದನ್ನು ಉಸಿರಾಡುವ ಗಾಳಿಯಿಂದಲೇ ತಗೊಂಡಿದೆ. 12 ಲೀಟರಿನಲ್ಲಿ 60 ಬಾರ್ ಅಂದರೆ 720 ಲೀಟರ್ ಗಾಳಿ. ಆಕ್ಸಿಜನ್ ಹೋದ ಹಾಗೆ ಒಟ್ಟು ಗಾಳಿಯೂ ಇಳಿಯುವುದನ್ನು ಸೇರಿಸಿದರೆ ನೂರಕ್ಕೆ ಒಂದೂವರೆ ಭಾಗ ಹೋಗಿದೆ, ಅಂದರೆ ಸುಮಾರು ಹನ್ನೊಂದು ಲೀಟರ್ ಆಕ್ಸಿಜನ್ ಗೋಡೆಗೆ ಅಂಟಿದೆ. 19.7ಕ್ಕೆ ಯಾರೂ ಪ್ರಜ್ಞೆ ತಪ್ಪಿ ಬೀಳುವುದಿಲ್ಲ. ಇನ್ನೂ ಜಾಸ್ತಿ ನೀರು, ಇನ್ನೂ ಕಡಿಮೆ ಒತ್ತಡ, ಇನ್ನೂ ನಾಲ್ಕು ವರ್ಷ ಅಂದಿದ್ದರೆ ಬೀಳುವ ಮಟ್ಟಕ್ಕೂ ಇಳಿಯಬಹುದು. ಅಂಥ ಗಾಳಿಗೆ ಬಣ್ಣವೂ ಇಲ್ಲ, ಉಸಿರುಕಟ್ಟಿದ ಹಾಗೂ ಆಗುವುದಿಲ್ಲ.

ಎರಡನ್ನೂ ಗಾಳಿ ಬಿಟ್ಟು, ವಾಲ್ವ್ ಬಿಚ್ಚಿಸಿ, ಪರೀಕ್ಷೆಗೆ ಕಳಿಸಿದೆವು. 60 ಬಾರ್‌ನದ್ದು ತಿರಸ್ಕಾರ ಆಗಿ ಗುಜರಿಗೆ ಹೋಯಿತು. ಖಾಲಿ ಇದ್ದದ್ದು ಒಳಗೆ ಉಜ್ಜಿಸಿಕೊಂಡು ಪಾಸಾಯಿತು. ಅದರ ತಳದ ರಬ್ಬರ್ ಬೂಟ್ ತೆಗೆದು ನೋಡಿದಾಗ ಅಲ್ಲೂ ಉಪ್ಪು ಕಟ್ಟಿ ಸಿಪ್ಪೆ ಏಳುತ್ತಿತ್ತು. ಬೂಟ್ ಕಳಚಿ ತೊಳೆಯುವುದನ್ನು ಈಗ ಪಟ್ಟಿಗೆ ಸೇರಿಸಿದ್ದೇನೆ. ಮಾಲೀಕರ ಪ್ರಶ್ನೆಗೆ ಉತ್ತರವೂ ಸಿಕ್ಕಿತು.

ಸೆಪ್ಟೆಂಬರ್: ಕಾರ್ಬನ್ ಮಾನಾಕ್ಸೈಡ್ ಮೀಟರ್

ಆಕ್ಸಿಜನ್ 20.9 ಇದ್ದರೂ ಸಿಲಿಂಡರ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದು ಮಿಲಿಯನ್‌ಗೆ ಇಷ್ಟು ಅನ್ನುವ ಲೆಕ್ಕ, ಪಿಪಿಎಂ. ಆಕ್ಸಿಜನ್ ಮೀಟರ್‌ಗೆ ಅದು ಕಾಣುವುದೇ ಇಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಯುರೋಪಿನ ಇಎನ್ 12021 ಪ್ರಕಾರ ಉಸಿರಾಟದ ಗಾಳಿಯಲ್ಲಿ 5 ಪಿಪಿಎಂಗಿಂತ ಜಾಸ್ತಿ ಇರಬಾರದು. ಆಳಕ್ಕೆ ಹೋದ ಹಾಗೆ ಇದರ ಏಟು ಹೆಚ್ಚುತ್ತದೆ. 30 ಮೀಟರ್‌ನಲ್ಲಿ ಒತ್ತಡ ನಾಲ್ಕು ಪಟ್ಟು, ಅಲ್ಲಿ 10 ಪಿಪಿಎಂ ಅಂದರೆ ಮೇಲೆ 40 ಪಿಪಿಎಂ ಉಸಿರಾಡಿದ ಹಾಗೆ.

ಮೀಟರ್‌ಗೆ 38,000. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೇ. ಬಂದ ದಿನ ಬೆಳಿಗ್ಗೆ ಆಫೀಸಿನಲ್ಲಿ ಆನ್ ಮಾಡಿ ಸೊನ್ನೆಗೆ ಹೊಂದಿಸಿ, ಹೊರಗೆ ತಂದೆ. ಮೈನಸ್ 3 ತೋರಿಸಿತು. ಒಳಗೆ ಬೆಳಗಿನ ಪೂಜೆಯ ಊದುಬತ್ತಿ ಉರಿಯುತ್ತಿತ್ತು. ಆಕ್ಸಿಜನ್ ಪಾಠ ಆಗಲೇ ಆಗಿದ್ದರಿಂದ ಈ ಸಲ ಹೊಸ ಸೆನ್ಸರ್ ತರಿಸಲಿಲ್ಲ. ಈಗ ಇದಕ್ಕೂ ನೀಲಿ ಟೇಪಿನ ಸಿಲಿಂಡರ್‌ನಿಂದಲೇ ಸೊನ್ನೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಮುಟ್ಟಬೇಡಿ, ಆಲ್ಕೋಹಾಲ್ ಆವಿಗೂ ಇದು ಮೋಸ ಹೋಗುತ್ತದೆ.

ಸೊನ್ನೆ ತೋರಿಸುವ ಮೀಟರ್ ಕೆಲಸ ಮಾಡುತ್ತಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ? ಅಳತೆ ಮಾಡಿಟ್ಟ ಗ್ಯಾಸ್ ಡಬ್ಬಿ ಸಿಗುತ್ತದೆ, ದುಬಾರಿ. ನಮ್ಮ ಉಪಾಯ ಬೋಟ್ ನಡೆಸುವ ತಾಂಡೇಲರು. ಬೀಡಿ ಸೇದುವವರ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದೇ ಇರುತ್ತದೆ. "ತಾಂಡೇಲ್ರೇ, ಈ ಕೊಟ್ಟೆಗೆ ಒಂದು ಸಲ ಊದಿ" ಅಂತ ಪ್ಲಾಸ್ಟಿಕ್ ಕೊಟ್ಟೆ ಹಿಡಿದೆ. "ಕುಡ್ದು ಬಂದಿದ್ದೀನಾ ಅಂತ ನೋಡ್ತೀಯೇನೋ ಮಾರಾಯ?" ಅಂದರು. ಊದಿದರು. 16 ಪಿಪಿಎಂ. ಸಂಖ್ಯೆ ಎಷ್ಟು ಅನ್ನುವುದು ಮುಖ್ಯ ಅಲ್ಲ, ಮೀಟರ್ ಎದ್ದಿತಾ ಅನ್ನುವುದು ಮುಖ್ಯ. ವಾರಕ್ಕೊಮ್ಮೆ ಅವರು ಬಂದು ಊದುತ್ತಾರೆ, ಒಂದು ಚಾ ಸಲ್ಲುತ್ತದೆ.

ಸೆಪ್ಟೆಂಬರ್‌ನಲ್ಲಿ ತುಂಬಿದ ಎಲ್ಲವೂ ಸೊನ್ನೆ ಅಥವಾ 1. ಕೆಲಸ ಮುಗೀತು ಅಂದುಕೊಂಡೆ.

ಅಕ್ಟೋಬರ್: ಗಾಳಿ ದಿಕ್ಕು ಬದಲಿಸಿದ್ದು

ಸೀಸನ್ ಶುರುವಾದ ವಾರ, ಬೆಳಿಗ್ಗೆ ಏಳು ಗಂಟೆ. ಕರೆಂಟ್ ಇಲ್ಲ, ಜನರೇಟರ್ ಹಾಕಿ ಆರು ಸಿಲಿಂಡರ್ ತುಂಬಿದ್ದರು. ಮೇಜಿಗೆ ತಂದ ನಾಲ್ಕರಲ್ಲಿ ಕಾರ್ಬನ್ ಮಾನಾಕ್ಸೈಡ್ 6, 6, 5, 7. ವಾಸನೆ ಏನೂ ಇಲ್ಲ. ಮೊದಲ ಬೋಟಿನ ಜನ ಆಗಲೇ ವೆಟ್‌ಸೂಟ್ ಹಾಕಿಕೊಂಡು ನಿಂತಿದ್ದರು. ಆರನ್ನೂ ಪಕ್ಕಕ್ಕಿಟ್ಟು, ಹಿಂದಿನ ದಿನ ತುಂಬಿದ್ದರಲ್ಲಿ ಬೋಟ್ ಕಳಿಸಿದೆವು. ಸೊನ್ನೆ ಇದ್ದವು ಸರಿಯಾಗಿ ಸಾಕಾದವು.

ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಪಡುವಣ ಗೋಡೆಯಲ್ಲಿದೆ, ಸಮುದ್ರದ ಕಡೆ. ಜನರೇಟರ್ ಮೂಡಣ ಬದಿ. ಮಳೆಗಾಲದಲ್ಲಿ ದಿನವಿಡೀ ಗಾಳಿ ಸಮುದ್ರದಿಂದಲೇ ಬೀಸುತ್ತದೆ, ಹೊಗೆ ಮೂಡಣಕ್ಕೆ ಹೋಗುತ್ತದೆ. ನನ್ನ ಪರೀಕ್ಷೆ ಎಲ್ಲ ನಡೆದದ್ದು ಆ ಕಾಲದಲ್ಲಿ. ಮಳೆ ಹಿಂದೆ ಸರಿದ ಮೇಲೆ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ, ಮಧ್ಯಾಹ್ನದ ಮೇಲೆ ಸಮುದ್ರದಿಂದ ನೆಲಕ್ಕೆ. ನಾವು ತುಂಬುವುದು ಬೆಳಿಗ್ಗೆ! ಹೊಗೆ ಮಾಡಿನ ಮೇಲಿಂದ ಹಾದು, ಪಡುವಣ ಗೋಡೆಯ ಮರೆಯಲ್ಲಿ ಸುತ್ತಿ ಇಳಿಯುತ್ತಿತ್ತು. ಊದುಬತ್ತಿ ಹಚ್ಚಿ ಗೋಡೆಯ ಬಳಿ ಹಿಡಿದು ನೋಡಿದಾಗ ಹೊಗೆಯ ಎಳೆ ನೇರ ಕಂಪ್ರೆಸರ್ ಬಾಯಿಗೆ ಹೋಯಿತು. ಇಲ್ಲಿನ ಮೀನುಗಾರರಿಗೆ ಯಾರಿಗೆ ಕೇಳಿದ್ದರೂ ಜೂನ್‌ನಲ್ಲೇ ಹೇಳುತ್ತಿದ್ದರು.

ಮೊದಲ ಪ್ರಯತ್ನ: 32 ಮಿ.ಮೀ. ಪೈಪ್ ಹಾಕಿ ಬಾಯಿಯನ್ನು ಮೇಲಕ್ಕೆ ಒಯ್ದೆ, 900 ರೂಪಾಯಿ. ಕಂಪ್ರೆಸರ್ ಏದುಸಿರು ಬಿಡತೊಡಗಿತು, ತುಂಬುವ ಹೊತ್ತು ಜಾಸ್ತಿಯಾಯಿತು. ಪೈಪ್ ಉದ್ದವಾದಷ್ಟೂ ಅಗಲವಾಗಬೇಕು.

ಎರಡನೆಯದು: 75 ಮಿ.ಮೀ.ನ ಎಸ್‌ಡಬ್ಲ್ಯುಆರ್ (ಮನೆಯ ಕೊಳಚೆ ನೀರಿಗೆ ಹಾಕುವಂಥ) ಪೈಪ್, ಮಾಡಿಗಿಂತ ಮೇಲೆ ಒಟ್ಟು ನಾಲ್ಕೂವರೆ ಮೀಟರ್ ಎತ್ತರ, ಈಶಾನ್ಯ ಮೂಲೆಗೆ. ಅಂಟು ಹಚ್ಚುವ ಪೈಪ್ ಬೇಡ, ರಬ್ಬರ್ ರಿಂಗ್ ಇರುವುದನ್ನು ತಗೊಳ್ಳಿ. ಸಾಲ್ವೆಂಟ್ ಅಂಟಿನ ವಾಸನೆ ದಿನಗಟ್ಟಲೆ ಹೋಗುವುದಿಲ್ಲ, ಅದೆಲ್ಲ ಸಿಲಿಂಡರ್ ಒಳಗೇ ಸೇರುತ್ತದೆ. ತುದಿಗೆ ಕೆಳಮುಖ ಬೆಂಡ್, ಸೊಳ್ಳೆ ಪರದೆಯ ತುಂಡು. ಪರದೆ ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ. 3,100 ಆಯಿತು. ಜನರೇಟರ್‌ನ ಹೊಗೆ ಕೊಳವೆಯನ್ನೂ ನೈಋತ್ಯ ಮೂಲೆ ದಾಟಿಸಿದೆವು.

ಫಿಲ್ಟರ್ ಕೂಡ ಬದಲಾಯಿತು. ನಮ್ಮದು ಕರೆಂಟ್ ಮೋಟರಿನ ಕಂಪ್ರೆಸರ್ ಅಂತ ಬರೀ ನೀರು ಹೀರುವ ಮಾಲಿಕ್ಯುಲರ್ ಸೀವ್ ಮತ್ತು ಇದ್ದಿಲು ಇರುವ ಕಾರ್ಟ್ರಿಜ್ ಹಾಕುತ್ತಿದ್ದರು. ಈಗ ಹಾಪ್ಕಲೈಟ್ ಇರುವುದು. ಅದು ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಆದರೆ ತೇವ ತಾಗಿದರೆ ಹಾಪ್ಕಲೈಟ್ ಸತ್ತ ಹಾಗೆ. ಹಾಗಾಗಿ ಗಂಟೆ ಲೆಕ್ಕಕ್ಕೆ ಕಾರ್ಟ್ರಿಜ್ ಬದಲಿಸಲೇಬೇಕು, ನಮ್ಮ ಸೆಕೆಗೆ ಕಂಪನಿ ಕೊಟ್ಟ ಗಂಟೆಗಿಂತ ಬೇಗ. ನೀರು ಬಸಿಯುವ ವಾಲ್ವ್ ಹದಿನೈದು ನಿಮಿಷಕ್ಕೊಮ್ಮೆ ತೆರೆಯುವುದನ್ನೂ ತಪ್ಪಿಸುವಂತಿಲ್ಲ.

ಇಷ್ಟಾದ ಮೇಲೆ ಜನರೇಟರ್ ಇದ್ದರೂ 0–1.

ಈಗ ನಡೆಯುತ್ತಿರುವುದು

ಸಂಜೆಯೇ ತುಂಬಿ ಕೋಣೆಯಲ್ಲಿ ನಿಲ್ಲಿಸುತ್ತೇವೆ. ಬೆಳಿಗ್ಗೆ ತಣ್ಣಗಾದ ಮೇಲೆ ಮೇಜಿಗೆ. ತುಂಬಿದ ತಕ್ಷಣ ಬಿಸಿಯಲ್ಲಿ 200 ಇದ್ದದ್ದು ಬೆಳಗಾಗುವಾಗ 188ಕ್ಕೆ ಇಳಿದಿರುತ್ತದೆ, ಅದು ಸೋರಿಕೆ ಅಲ್ಲ. 180ಕ್ಕಿಂತ ಕಡಿಮೆ ಇದ್ದರೆ ಮಾತ್ರ ವಾಲ್ವ್‌ಗೆ ಸೋಪಿನ ನೀರು. ಓ-ರಿಂಗ್ (ವಾಲ್ವ್ ಬಾಯಿಯ ರಬ್ಬರ್ ಉಂಗುರ) ಕಣ್ಣಲ್ಲಿ ನೋಡಿ, ವಾಲ್ವ್ ಚೂರು ತೆರೆದು ಬಿಳಿ ಬಟ್ಟೆಗೆ ಊದಿಸಿ, ಕಲೆ ಇದೆಯಾ, ಎಣ್ಣೆ ವಾಸನೆ ಇದೆಯಾ ನೋಡಿ, ಆಮೇಲೆ ಎರಡು ಮೀಟರ್. ಒಂದು ಸಿಲಿಂಡರ್‌ಗೆ ಒಂದೂವರೆ ನಿಮಿಷ. ಟೇಪ್ ಮೇಲೆ ಈಗ ಒತ್ತಡದ ಜೊತೆ ಆಕ್ಸಿಜನ್, ಕಾರ್ಬನ್ ಮಾನಾಕ್ಸೈಡ್ ಎರಡೂ ಸಂಖ್ಯೆ. ಕಾರ್ಬನ್ ಮಾನಾಕ್ಸೈಡ್ 3 ದಾಟಿದರೆ ಬೋಟಿಗೆ ಹೋಗುವುದಿಲ್ಲ. ನಿಯಮ 5 ಅಂದರೂ ನಮ್ಮದು 3. ಬೋಟಿನ ಮೇಲೂ ಬಿಸಿಲು ಬೀಳದಂತೆ ಒದ್ದೆ ಗೋಣಿ ಹೊದಿಸುತ್ತೇವೆ.

ಬಾಕಿ ಇರುವ ಕೆಲಸ ಒಂದು. ಕಾರ್ಬನ್ ಮಾನಾಕ್ಸೈಡ್ ಏರಿದ ತಕ್ಷಣ ಕಂಪ್ರೆಸರ್ ತಾನೇ ನಿಲ್ಲುವ ಹಾಗೆ ಒಂದು ಸೆನ್ಸರ್ ಲೈನಿಗೇ ಕೂರಿಸಬೇಕು. ರಿಲೇ (ಸೆನ್ಸರ್ ಹೇಳಿದಾಗ ಕರೆಂಟ್ ಕಡಿಯುವ ಸ್ವಿಚ್) ತರಿಸಿ ಒಂದು ಸಲ ಜೋಡಿಸಿದೆ. ಮೋಟರ್ ಶುರುವಾಗುವಾಗಿನ ಏಟಿಗೆ ಅದು ಪ್ರತಿ ಸಲ ಟ್ರಿಪ್ ಆಗಿ ನಿಲ್ಲಿಸುತ್ತಿದೆ. ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಬದಲಿಸಿ ನೋಡಿ ಅಂತ ಎಲೆಕ್ಟ್ರಿಷಿಯನ್ ಹೇಳಿದ್ದಾರೆ. ಅಲ್ಲಿಯ ತನಕ ತುಂಬುವಾಗ ಪಕ್ಕದಲ್ಲಿ ಒಬ್ಬರು ಮೀಟರ್ ಹಿಡಿದು ಕೂರುತ್ತಾರೆ. ಯಾರಾದರೂ ಮೂರು ಫೇಸಿನ ಕಂಪ್ರೆಸರ್‌ಗೆ ಇಂಥದ್ದು ಜೋಡಿಸಿದ್ದರೆ ಯಾವ ರಿಲೇ ಹಾಕಿದಿರಿ, ಶುರುವಿಗೆ ಎಷ್ಟು ಸೆಕೆಂಡ್ ತಡ ಇಟ್ಟಿರಿ ಅಂತ ದಯವಿಟ್ಟು ತಿಳಿಸಿ.